ಮಾಡ್ ಮಾಡಿದ ಗೇಮ್ ಬಾಯ್‌ನಲ್ಲಿ ಬಣ್ಣ ಸರಿ ಕಾಣ್ತಿಲ್ವಾ? ಪ್ಯಾಲೆಟ್ ತಪ್ಪೋ, ತಂತಿ ತಪ್ಪೋ ಪತ್ತೆ ಹಚ್ಚುವುದು ಹೀಗೆ

ಗೇಮ್ ಬಾಯ್ ಅಂದರೆ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಕಂಪನಿಯ ಹಳೇ ವಿಡಿಯೋ ಗೇಮ್ ಯಂತ್ರ. ಅದಕ್ಕೆ ಹೊಸ ಐಪಿಎಸ್ ಪರದೆ (ಬೆಳಕಿರುವ ಹೊಸ ಬಗೆಯ ಎಲ್‌ಸಿಡಿ) ಹಾಕಿದ ಮೊದಲ ದಿನ ಎಲ್ಲವೂ ಚೆಂದ. ಎರಡನೇ ದಿನ ಪ್ಯಾಲೆಟ್, ಅಂದರೆ ಆಟ ತೋರಿಸುವ ಬಣ್ಣಗಳ ಗುಂಪು, ಬದಲಾಯಿಸುವ ಚಟ ಹತ್ತುತ್ತದೆ. ಮೂರನೇ ದಿನ ಯಾವುದೋ ಒಂದು ಆಟದಲ್ಲಿ ಏನೋ ಸರಿ ಇಲ್ಲ ಅನ್ನಿಸುತ್ತದೆ. ಅದು ನಾವು ಆರಿಸಿದ ಬಣ್ಣದ ತಪ್ಪೋ, ಒಳಗಿನ ಜೋಡಣೆಯ ತಪ್ಪೋ ಅಂತ ಗೊತ್ತಾಗುವುದಿಲ್ಲ.

ನನಗೂ ಹೀಗೇ ಆಗಿತ್ತು. 1989ರ ಮಾದರಿಯ ದಪ್ಪ ಗೇಮ್ ಬಾಯ್ ಅದು. ಒಂದು ಆಟದಲ್ಲಿ ಗೋಡೆ ಕಾಣುತ್ತಿತ್ತು, ಅದಕ್ಕೆ ಒರಗಿದ ಏಣಿ ಕಾಣುತ್ತಿರಲಿಲ್ಲ. ಎರಡು ಸಂಜೆ ಕೂತು ಇದ್ದಬದ್ದ ಪ್ಯಾಲೆಟ್ ಎಲ್ಲಾ ಹಾಕಿ ನೋಡಿದೆ. ಹಸಿರಾಯ್ತು, ಕಂದಾಯ್ತು, ನೇರಳೆಯಾಯ್ತು. ಏಣಿ ಮಾತ್ರ ಬರಲಿಲ್ಲ. ಕೊನೆಗೆ ಬಿಚ್ಚಿ ನೋಡಿದರೆ ರಿಬ್ಬನ್ ಕೇಬಲ್ ಒಂದು ಕಡೆ ಕೂದಲೆಳೆಯಷ್ಟು ಓರೆಯಾಗಿ ಕೂತಿತ್ತು. ಬೂದು ಬಣ್ಣದ ಪ್ಯಾಲೆಟ್ ಒಂದನ್ನು ಹಾಕಿ ಶೇಡ್ ಎಣಿಸಿದ್ದರೆ ಐದು ನಿಮಿಷದ ಕೆಲಸವಾಗಿತ್ತು. ಅದಕ್ಕೇ ಈಗ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಲಕ್ಷಣ ಏನೇ ಇರಲಿ, ಮೊದಲು ಬೂದು ಮಾಡಿ

ಬಹುತೇಕ ಐಪಿಎಸ್ ಕಿಟ್‌ಗಳಲ್ಲಿ ಕಪ್ಪು-ಬಿಳುಪಿನ ಪ್ಯಾಲೆಟ್ ಒಂದು ಇದ್ದೇ ಇರುತ್ತದೆ. ಅದನ್ನು ಹಾಕಿ. ಗೇಮ್ ಬಾಯ್ ಕಲರ್ ಆದರೆ ಹಳೇ ಕಪ್ಪು-ಬಿಳುಪಿನ ಕಾರ್ಟ್ರಿಜ್ ಹಾಕಿ, ಆನ್ ಮಾಡಿದಾಗ ಹೆಸರು ಕಾಣುತ್ತಿರುವಾಗಲೇ ಎಡ ಬಾಣ ಮತ್ತು ಬಿ ಬಟನ್ ಒಟ್ಟಿಗೆ ಒತ್ತಿ ಹಿಡಿಯಿರಿ. ಆಟ ಬೂದು ಬಣ್ಣದಲ್ಲಿ ಶುರುವಾಗುತ್ತದೆ.

ಈಗ ಎಣಿಸಿ. ಬಿಳಿ, ತಿಳಿ ಬೂದು, ಗಾಢ ಬೂದು, ಕಪ್ಪು. ನಾಲ್ಕೂ ಬೇರೆ ಬೇರೆಯಾಗಿ, ಯಾವ ಬಣ್ಣದ ಛಾಯೆಯೂ ಇಲ್ಲದೆ ಕಂಡರೆ ತಂತಿಗಳು ಸರಿ ಇವೆ. ತೊಂದರೆ ಪ್ಯಾಲೆಟ್‌ನಲ್ಲಿದೆ, ಸ್ಕ್ರೂಡ್ರೈವರ್ ಎತ್ತಿಡಿ. ಬೂದಿನಲ್ಲೂ ಶೇಡ್ ಕಡಿಮೆ ಇದ್ದರೆ, ಅಥವಾ ಬಿಳಿ ಬಿಳಿಯಾಗಿಲ್ಲದಿದ್ದರೆ, ಎಷ್ಟು ಪ್ಯಾಲೆಟ್ ಬದಲಾಯಿಸಿದರೂ ಪ್ರಯೋಜನವಿಲ್ಲ.

ಒಂದು ಎಚ್ಚರಿಕೆ. ಹಳೇ ಗೇಮ್ ಬಾಯ್‌ನಲ್ಲಿ ಆನ್ ಮಾಡಿದಾಗ ಮೇಲಿಂದ ಇಳಿದು ಬರುವ ನಿಂಟೆಂಡೊ ಹೆಸರನ್ನು ನೋಡಿ ತೀರ್ಮಾನ ಮಾಡಬೇಡಿ. ಆ ಪರದೆಯಲ್ಲಿ ಇರುವುದೇ ಎರಡು ಶೇಡ್, ಹಿನ್ನೆಲೆ ಒಂದು, ಅಕ್ಷರ ಒಂದು. ಅರ್ಧ ಕೆಟ್ಟ ಯಂತ್ರದಲ್ಲೂ ಅದು ಪರವಾಗಿಲ್ಲ ಅನ್ನುವಷ್ಟು ಕಾಣುತ್ತದೆ. ಅಕ್ಷರದ ಬದಲು ಬರೀ ಕಪ್ಪು ಪಟ್ಟಿ ಇಳಿದು ಬಂದರೆ ಅದು ಬಣ್ಣದ ವಿಷಯವೇ ಅಲ್ಲ, ಕಾರ್ಟ್ರಿಜ್ ಸರಿಯಾಗಿ ಓದುತ್ತಿಲ್ಲ ಅಂತ ಅರ್ಥ. ಅದರ ಪಿನ್ ಒರೆಸಿ. ಶೇಡ್ ಎಣಿಸೋದಕ್ಕೆ ಆಟದ ಒಳಗೆ ಹೋಗಿ. ಫ್ಲ್ಯಾಶ್ ಕಾರ್ಟ್ (ಆಟದ ಫೈಲ್‌ಗಳನ್ನು ನಾವೇ ತುಂಬಿಕೊಳ್ಳುವ ಕಾರ್ಟ್ರಿಜ್) ಇದ್ದವರು 144ಪಿ ಟೆಸ್ಟ್ ಸೂಟ್ ಅನ್ನುವ ಉಚಿತ ಪರೀಕ್ಷಾ ಪ್ರೋಗ್ರಾಂ ಹಾಕಿ ನೋಡಬಹುದು.

ಇನ್ನೊಂದು, ಫೋನಿನಲ್ಲಿ ಫೋಟೋ ತೆಗೆದು ಅದನ್ನು ನೋಡಿ ಬಣ್ಣ ಅಳೆಯಬೇಡಿ. ಬಿಳಿ ಯಾವುದು ಅಂತ ಫೋನ್ ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡುಬಿಡುತ್ತದೆ.

ಆಟಗಾರ, ಶತ್ರು ಅಥವಾ ಗುಂಡು ಹಿನ್ನೆಲೆಯಲ್ಲಿ ಕರಗಿಹೋಗುತ್ತಿದೆ

ಬೂದಿನಲ್ಲಿ ಸರಿ ಕಂಡು, ನಿಮ್ಮ ಮೆಚ್ಚಿನ ಪ್ಯಾಲೆಟ್‌ನಲ್ಲಿ ಮಾತ್ರ ಮಾಯವಾದರೆ ತಪ್ಪು ಬಣ್ಣಗಳ ಆಯ್ಕೆಯದ್ದು. ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಕಣ್ಣಿಗೆ ಎರಡು ಬಣ್ಣ ಬೇರೆ ಅನ್ನಿಸಿದರೆ ಸಾಕು ಅಂದುಕೊಳ್ಳುತ್ತೇವೆ. ಸಾಲದು. ಆಟ ಮಾಡಿದವರು ನಾಲ್ಕು ಬಣ್ಣ ಅಂತ ಯೋಚಿಸಿಯೇ ಇಲ್ಲ, ನಾಲ್ಕು ಹಂತದ ಬೆಳಕು ಅಂತ ಯೋಚಿಸಿದ್ದಾರೆ. ನೀವು ಯಾವ ಬಣ್ಣ ಹಾಕಿದರೂ ಆ ಮೆಟ್ಟಿಲು ಉಳಿಯಬೇಕು.

ಮೆಟ್ಟಿಲು ಅಳೆಯುವುದು ಸುಲಭ. ಕಂಪ್ಯೂಟರ್‌ನಲ್ಲಿ ಒಂದು ಬಣ್ಣಕ್ಕಿರುವ ಕೆಂಪು, ಹಸಿರು, ನೀಲಿ ಅಂಕೆಗಳನ್ನು (0ಯಿಂದ 255ರವರೆಗೆ) ತಗೊಳ್ಳಿ. ಕೆಂಪಿನಲ್ಲಿ ನೂರಕ್ಕೆ 30 ಪಾಲು, ಹಸಿರಿನಲ್ಲಿ 59, ನೀಲಿಯಲ್ಲಿ 11 ಪಾಲು ತೆಗೆದು ಕೂಡಿಸಿ. ಬಂದದ್ದು ಅದರ ಬೆಳಕು. ಹಸಿರಿಗೆ ಅಷ್ಟು ಜಾಸ್ತಿ ಯಾಕೆ ಅಂದರೆ ನಮ್ಮ ಕಣ್ಣೇ ಹಾಗೆ.

ಒಂದು ಉದಾಹರಣೆ ನೋಡಿ. ಎಮ್ಯುಲೇಟರ್‌ಗಳಲ್ಲಿ (ಹಳೇ ಆಟಗಳನ್ನು ಕಂಪ್ಯೂಟರ್‌ನಲ್ಲಿ ಆಡಿಸುವ ಪ್ರೋಗ್ರಾಂಗಳಲ್ಲಿ) ಬಹಳ ಓಡಾಡಿದ ಹಸಿರು ಪ್ಯಾಲೆಟ್ ಒಂದಿದೆ: 224-248-208, 136-192-112, 52-104-86, 8-24-32. ಲೆಕ್ಕ ಹಾಕಿದರೆ ಬೆಳಕು 236, 166, 86, 20 ಬರುತ್ತದೆ. ಪ್ರತಿ ಹಂತಕ್ಕೂ 66ರಿಂದ 80ರವರೆಗಿನ ಇಳಿತ. ಈ ಪ್ಯಾಲೆಟ್ ಯಾವ ಆಟಕ್ಕೆ ಹಾಕಿದರೂ ಕೈ ಕೊಡುವುದಿಲ್ಲ. ಕಾರಣ ಅದರ ಹಸಿರಲ್ಲ, ಈ ಇಳಿತ.

ಈಗ ನಡುವಿನ ಎರಡು ಜಾಗಕ್ಕೆ 200-60-60ರ ಕೆಂಪು ಮತ್ತು 60-110-200ರ ನೀಲಿ ಹಾಕಿದಿರಿ ಅಂತಿಟ್ಟುಕೊಳ್ಳಿ. ಪಕ್ಕಪಕ್ಕ ಇಟ್ಟರೆ ಕೆಂಪು, ನೀಲಿ ಅಂತ ಎದ್ದು ಕಾಣುತ್ತವೆ. ಬೆಳಕು ಮಾತ್ರ ಒಂದಕ್ಕೆ 102, ಇನ್ನೊಂದಕ್ಕೆ 105. ಮೆಟ್ಟಿಲೇ ಇಲ್ಲ! ಓಡುವ ಆಟದಲ್ಲಿ, ಅಂಗೈಯಷ್ಟೂ ಇಲ್ಲದ ಪರದೆಯಲ್ಲಿ ಇವೆರಡೂ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಮೂರು ಪಿಕ್ಸೆಲ್ ಅಗಲದ ಗುಂಡು ಹಾರಿ ಬಂದರೆ ದೇವರೇ ಕಾಪಾಡಬೇಕು. ಕೆಂಪು-ಹಸಿರು ಗುರುತಿಸುವುದು ಕಷ್ಟ ಇರುವವರಿಗೂ ಬೆಳಕಿನ ವ್ಯತ್ಯಾಸ ದೊಡ್ಡ ಆಸರೆ.

ಆದ್ದರಿಂದ ಪ್ಯಾಲೆಟ್ ಮಾಡುವಾಗ ಮೊದಲು ಎರಡು ತುದಿ ಗಟ್ಟಿ ಮಾಡಿಕೊಳ್ಳಿ, ಒಂದು ತೀರ ತಿಳಿ, ಒಂದು ತೀರ ಗಾಢ. ನಿಮ್ಮ ಆಸೆಯ ಬಣ್ಣಗಳನ್ನೆಲ್ಲ ನಡುವಿನ ಎರಡರಲ್ಲಿ ತೀರಿಸಿಕೊಳ್ಳಿ, ಆದರೆ ಅವೆರಡರ ನಡುವೆ 50ಕ್ಕಿಂತ ಕಡಿಮೆ ಅಂತರ ಬಿಡಬೇಡಿ. ಈ 50 ನನ್ನ ಅಂದಾಜು, ಆಡಿ ಆಡಿ ಬಂದದ್ದು.

ಇನ್ನೊಂದು ದೂರು ಇದೇ ಜಾಗದಲ್ಲಿ ಬರುತ್ತದೆ: “ಹಿನ್ನೆಲೆ ಹಸಿರು ಇರಲಿ, ಆಟಗಾರ ಮಾತ್ರ ಕೆಂಪಾಗಲಿ ಅಂದರೆ ಆಗ್ತಿಲ್ಲ.” ಹಳೇ ಗೇಮ್ ಬಾಯ್‌ನಲ್ಲಿ ಅದು ಆಗುವ ಮಾತಲ್ಲ, ದೋಷವೂ ಅಲ್ಲ. ಒಳಗೆ ಹಿನ್ನೆಲೆಗೆ ಒಂದು, ಓಡಾಡುವ ಚಿತ್ರಗಳಿಗೆ ಎರಡು ಪ್ಯಾಲೆಟ್ ಇವೆ ನಿಜ. ಆದರೆ ಪರದೆಯ ತಂತಿಗೆ ಬರುವ ಹೊತ್ತಿಗೆ ಪ್ರತಿ ಪಿಕ್ಸೆಲ್‌ಗೆ ಉಳಿಯುವುದು ಎರಡು ಬಿಟ್ ಮಾತ್ರ, ಅಂದರೆ ನಾಲ್ಕರಲ್ಲಿ ಒಂದು ಶೇಡ್. ಅದು ಗೋಡೆಯೋ ಆಟಗಾರನೋ ಅಂತ ಕಿಟ್‌ನ ಬೋರ್ಡ್‌ಗೆ ತಿಳಿಯುವುದೇ ಇಲ್ಲ. ಗೇಮ್ ಬಾಯ್ ಕಲರ್‌ನಲ್ಲಿ ಮಾತ್ರ ಯಂತ್ರವೇ ಇವನ್ನು ಬೇರೆ ಬೇರೆಯಾಗಿ ಬಣ್ಣ ಹಚ್ಚುತ್ತದೆ.

ಎಲ್ಲವೂ ಉಲ್ಟಾ: ಕಪ್ಪು ಇರಬೇಕಾದಲ್ಲಿ ಬಿಳಿ

ಫೋಟೋದ ನೆಗೆಟಿವ್ ಥರ ಕಾಣುತ್ತಿದ್ದರೆ ಹೆದರಬೇಡಿ. ಗೇಮ್ ಬಾಯ್ ಕಲರ್‌ನಲ್ಲಿ ಆನ್ ಮಾಡುವಾಗ ಬಲ ಬಾಣ ಮತ್ತು ಬಿ ಒತ್ತಿದ್ದರೆ ಬೇಕೆಂದೇ ಹಾಗೆ ಮಾಡುತ್ತದೆ. ಆಫ್ ಮಾಡಿ, ಏನೂ ಒತ್ತದೆ ಆನ್ ಮಾಡಿ. ಕಿಟ್‌ನ ಪ್ಯಾಲೆಟ್‌ಗಳಲ್ಲೂ ಉಲ್ಟಾದ್ದು ಒಂದು ಇರಬಹುದು, ಒಂದು ಸುತ್ತು ಪೂರ್ತಿ ತಿರುಗಿಸಿ ನೋಡಿ.

ಹಳೇ ಗೇಮ್ ಬಾಯ್‌ನಲ್ಲಿ ಎಲ್ಲ ಪ್ಯಾಲೆಟ್‌ನಲ್ಲೂ ಉಲ್ಟಾ ಬರುತ್ತಿದ್ದರೆ ಆ ಯಂತ್ರ ಮೊದಲು ಯಾರ ಕೈಯಲ್ಲಿತ್ತು ಅಂತ ಯೋಚಿಸಿ. ಮೂಲ ಪರದೆಗೇ ಬ್ಯಾಕ್‌ಲೈಟ್ ಹಾಕುತ್ತಿದ್ದ ಕಾಲದಲ್ಲಿ ಪೋಲರೈಸರ್ ಹಾಳೆಯನ್ನು (ಪರದೆಯ ಬೆಳಕನ್ನು ಸೋಸುವ ತೆಳು ಹಾಳೆ) 90 ಡಿಗ್ರಿ ತಿರುಗಿಸಿ, ಉಲ್ಟಾ ಆದ ಚಿತ್ರವನ್ನು ಬೈವರ್ಟ್ ಅನ್ನುವ ಪುಟ್ಟ ಬೋರ್ಡ್ ಹಾಕಿ ಮತ್ತೆ ಸರಿ ಮಾಡುತ್ತಿದ್ದರು. ಕಾಂಟ್ರಾಸ್ಟ್ ಚೆನ್ನಾಗಿ ಬರಲಿ ಅಂತ ಈ ಕಸರತ್ತು. ಆ ಬೋರ್ಡ್ ಒಳಗೇ ಉಳಿದು ಮೇಲೆ ಐಪಿಎಸ್ ಬಂದರೆ ಚಿತ್ರ ಉಲ್ಟಾ. ಅದನ್ನು ತೆಗೆದು ಮೂಲ ಜೋಡಣೆ ಮಾಡಬೇಕು. ಬೆಸುಗೆ ರೂಢಿ ಇಲ್ಲದಿದ್ದರೆ ಬಲ್ಲವರ ಕೈಗೆ ಕೊಡಿ.

ಒಂದು ಆಟಕ್ಕೆ ಚೆಂದದ ಬಣ್ಣ, ಇನ್ನೊಂದಕ್ಕೆ ಬರೀ ಹಸಿರು-ನೀಲಿ

ಇದು ಗೇಮ್ ಬಾಯ್ ಕಲರ್‌ನ ಸ್ವಭಾವ. 1998ರಲ್ಲಿ ಅದು ಬಂದಾಗ ಹಳೇ ಆಟಗಳಿಗೆ ಬಣ್ಣ ಹಚ್ಚುವ ಪಟ್ಟಿಯನ್ನು ಬೂಟ್ ರಾಮ್‌ನಲ್ಲೇ (boot ROM, ಆನ್ ಮಾಡಿದ ಕೂಡಲೇ ಓಡುವ ಯಂತ್ರದೊಳಗಿನ ಪ್ರೋಗ್ರಾಂ) ಇಟ್ಟರು. ನಿಂಟೆಂಡೊ ತಾನೇ ಹೊರತಂದ ಆಟವಾದರೆ, ಕಾರ್ಟ್ರಿಜ್‌ನಲ್ಲಿ ಬರೆದಿರುವ ಆಟದ ಹೆಸರಿನ ಅಕ್ಷರಗಳನ್ನು ಕೂಡಿಸಿ ಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕರೆ ಅದಕ್ಕೇ ಹೊಲಿದ ಬಟ್ಟೆ. ಸಿಗದಿದ್ದರೆ ಎಲ್ಲರಿಗೂ ಒಂದೇ ಸಮವಸ್ತ್ರ: ಹಿನ್ನೆಲೆಗೆ ಹಸಿರು, ನೀಲಿ, ಓಡಾಡುವವರಿಗೆ ಕೆಂಪು.

ಹಾಗಾಗಿ ಅನುವಾದ ಮಾಡಿದ ಅಥವಾ ತಿದ್ದಿದ ರಾಮ್‌ನಲ್ಲಿ (ROM, ಅಂದರೆ ಆಟದ ಫೈಲ್) ಯಾರಾದರೂ ಹೆಸರು ಬದಲಿಸಿದ್ದರೆ, ಮೂಲ ಆಟಕ್ಕಿದ್ದ ಬಣ್ಣ ಹೋಗಿ ಸಮವಸ್ತ್ರ ಬರುತ್ತದೆ. ಕೆಟ್ಟಿದ್ದೇನೂ ಇಲ್ಲ. ಆನ್ ಮಾಡುವಾಗ ನಾಲ್ಕು ಬಾಣಗಳಲ್ಲಿ ಒಂದನ್ನು ಒಂಟಿಯಾಗಿ, ಅಥವಾ ಎ ಜೊತೆ, ಅಥವಾ ಬಿ ಜೊತೆ ಒತ್ತಿದರೆ ಒಟ್ಟು 12 ಪ್ಯಾಲೆಟ್ ಸಿಗುತ್ತವೆ. ಮೇಲೆ ಒತ್ತಿದರೆ ಕಂದು, ಎಡಕ್ಕೆ ನೀಲಿ, ಹೀಗೆ.

ಬಟನ್ ಒತ್ತಿದರೂ ಏನೂ ಆಗದಿದ್ದರೆ ಎರಡು ಕಾರಣ. ಆ ಕಾರ್ಟ್ರಿಜ್ ಕಲರ್ ಆಟದ್ದೇ ಇರಬಹುದು. ಅದರ ಬಣ್ಣ ಆಟವೇ ತಂದಿರುತ್ತದೆ, ಯಂತ್ರ ಕೈ ಹಾಕುವುದಿಲ್ಲ. ಅಥವಾ ಫ್ಲ್ಯಾಶ್ ಕಾರ್ಟ್ ಹಾಕಿದ್ದೀರಿ. ಅಲ್ಲಿ ಮೊದಲು ಬೂಟ್ ಆಗುವುದು ಅದರ ಮೆನು, ನಿಮ್ಮ ಆಟ ಅಲ್ಲ. ಮೆನು ಕಲರ್ ಪ್ರೋಗ್ರಾಂ ಆಗಿದ್ದರೆ ಯಂತ್ರ ಆಗಲೇ ಕಲರ್ ಮೋಡ್‌ಗೆ ಹೋಗಿರುತ್ತದೆ.

ಕೆಂಪಿನ ಜಾಗದಲ್ಲಿ ನೀಲಿ, ನೀಲಿಯ ಜಾಗದಲ್ಲಿ ಕೆಂಪು

ನೀವೇ ರಾಮ್ ತಿದ್ದಿ ಕಲರ್ ಪ್ಯಾಲೆಟ್ ಬರೆಯುತ್ತಿದ್ದರೆ ಮಾತ್ರ ಇದು. ಗೇಮ್ ಬಾಯ್ ಕಲರ್‌ನಲ್ಲಿ ಒಂದು ಬಣ್ಣಕ್ಕೆ 15 ಬಿಟ್. ಕೆಳಗಿನ ಐದು ಕೆಂಪು, ನಡುವಿನ ಐದು ಹಸಿರು, ಮೇಲಿನ ಐದು ನೀಲಿ. ಕಂಪ್ಯೂಟರ್‌ನಲ್ಲಿ ನಮಗೆ ರೂಢಿ ಇರುವ ಕ್ರಮಕ್ಕೆ ಇದು ತಿರುಗು. ಪರೀಕ್ಷೆಗೆ 31 ಅಂತ ಬರೆಯಿರಿ. ಅಪ್ಪಟ ಕೆಂಪು ಬರಬೇಕು. ನೀಲಿ ಬಂದರೆ ಕ್ರಮ ತಿರುಗಿಸಿದ್ದೀರಿ. ಹಸಿರು ಬಂದರೆ ಎರಡು ಬೈಟ್‌ಗಳನ್ನು ಹಿಂದುಮುಂದಾಗಿ ಬರೆದಿದ್ದೀರಿ, ಕೆಳಗಿನ ಎಂಟು ಬಿಟ್‌ಗಳ ಬೈಟ್ ಮೊದಲು ಬರಬೇಕು.

ಇಲ್ಲಿ ಪ್ರತಿ ಬಣ್ಣ 0ಯಿಂದ 31ರವರೆಗೆ ಮಾತ್ರ. ಕಂಪ್ಯೂಟರ್‌ನ ಅಂಕೆಯನ್ನು 8ರಿಂದ ಭಾಗಿಸಿ ಶೇಷ ಬಿಟ್ಟುಬಿಡಿ. ಅಲ್ಲಿ ಬೇರೆ ಬೇರೆ ಕಂಡ ಎರಡು ಗಾಢ ಬಣ್ಣ ಇಲ್ಲಿ ಒಂದೇ ಆಗಿಬಿಡುವುದು ಇದರಿಂದಲೇ.

ಆರಿಸಿದ ಪ್ಯಾಲೆಟ್ ಉಳಿಯುವುದಿಲ್ಲ, ಅಥವಾ ತಾನಾಗಿ ಬದಲಾಗುತ್ತದೆ

ಬೂಟ್ ಆಗುವಾಗ ಬಟನ್ ಒತ್ತಿ ತಂದ ಪ್ಯಾಲೆಟ್ ಎಂದೂ ಉಳಿಯುವುದಿಲ್ಲ, ಪ್ರತಿ ಸಲ ಒತ್ತಬೇಕು. ಕಿಟ್‌ನ ಪ್ಯಾಲೆಟ್ ಉಳಿಯುತ್ತದೋ ಇಲ್ಲವೋ ಕಿಟ್‌ನ ಮೇಲೆ ಹೋಗುತ್ತದೆ. ಕೆಲವು ಕಿಟ್‌ಗಳಲ್ಲಿ ಬದಲಾಯಿಸಿದ ಮೇಲೆ ಕೆಲವು ಸೆಕೆಂಡ್ ಬಿಡಬೇಕು, ತಕ್ಷಣ ಆಫ್ ಮಾಡಿದರೆ ನೆನಪಿಗೆ ಹೋಗಿರುವುದಿಲ್ಲ.

ಆಟದ ನಡುವೆ ತಾನಾಗಿ ಬದಲಾದರೆ ಒಂದು ಕ್ಷಣ ಗಮನಿಸಿ. ಕೋಣೆಯಿಂದ ಕೋಣೆಗೆ ಹೋಗುವಾಗ, ಏಟು ಬಿದ್ದಾಗ ಪರದೆ ಮಂಕಾಗುವುದು ಅಥವಾ ಮಿಂಚುವುದು ಆಟದ್ದೇ ಕರಾಮತ್ತು. ಆಟವೇ ಆ ಹೊತ್ತಿನಲ್ಲಿ ಶೇಡ್‌ಗಳ ಜಾಗ ಬದಲಾಯಿಸುತ್ತದೆ. ಆಟಕ್ಕೆ ಸಂಬಂಧವಿಲ್ಲದೆ, ಕೈ ಒಂದು ಕಡೆ ಹೋದಾಗಲೆಲ್ಲ ಬದಲಾದರೆ, ಮುಟ್ಟಿ ಪ್ಯಾಲೆಟ್ ಬದಲಿಸುವ ಕಿಟ್‌ನ ಟಚ್ ಸೆನ್ಸರ್ ಮೇಲೆ ಅನುಮಾನ ಪಡಿ. ಬೆವರಿದ ಕೈ ಒರೆಸಿ, ಬೇರೆ ರೀತಿ ಹಿಡಿದು ಹತ್ತು ನಿಮಿಷ ಆಡಿ. ನಿಂತರೆ ಕಾರಣ ಸಿಕ್ಕಿತು.

ಬೆಳಕು ಜಾಸ್ತಿ ಇಟ್ಟಾಗ ಮಾತ್ರ ಮಿನುಗುತ್ತದೆ, ರೀಸೆಟ್ ಆಗುತ್ತದೆ ಅಂದರೆ ಕರೆಂಟ್ ಸಾಲುತ್ತಿಲ್ಲ. ಬೆಳಕು ಇಳಿಸಿ, ಹೊಸ ಬ್ಯಾಟರಿ ಹಾಕಿ. ಎರಡು ಸೆಲ್ ಹಾಕುವ ಯಂತ್ರಗಳಲ್ಲಿ ರೀಚಾರ್ಜ್ ಸೆಲ್‌ನ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದೊಂದು 1.2 ವೋಲ್ಟ್, ಸಾಮಾನ್ಯ ಸೆಲ್ 1.5. ಆಮೇಲೂ ಹೋಗದಿದ್ದರೆ ಪವರ್ ಸ್ವಿಚ್ ಕೊಳೆ ಹಿಡಿದಿರಬಹುದು. ಬ್ಯಾಟರಿ ತೆಗೆದು, ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು, ಸ್ವಿಚ್ಚನ್ನು ಇಪ್ಪತ್ತು ಸಲ ಆಚೀಚೆ ಮಾಡಿ. ಪೂರ್ತಿ ಒಣಗಿದ ಮೇಲೇ ಬ್ಯಾಟರಿ.

ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಬಣ್ಣ ಕಣ್ಣಿಗೆ ಹೊಡೆಯುತ್ತಿದೆ

2001ರ ಮೂಲ ಅಡ್ವಾನ್ಸ್ ಪರದೆಗೆ ಬೆಳಕೇ ಇರಲಿಲ್ಲ. ಆ ಮಂಕು ಪರದೆಯಲ್ಲೂ ಕಾಣಲಿ ಅಂತ ಎಷ್ಟೋ ಆಟಗಳಿಗೆ ಅತಿ ಹೊಳಪಾಗಿ ಬಣ್ಣ ಬಳಿದರು. ಅದೇ ಆಟ ಐಪಿಎಸ್ ಮೇಲೆ ಜಾತ್ರೆ ಥರ ಕಾಣುತ್ತದೆ. ಮೊದಲು ಬೆಳಕು ಇಳಿಸಿ. ಕಿಟ್‌ನಲ್ಲಿ ಬಣ್ಣ ತಿದ್ದುವ ಮೋಡ್ ಇದ್ದರೆ ಹಾಕಿ. ಇಷ್ಟೇ ಮದ್ದು.

ಬಿಳಿ ಬಿಳಿಯಾಗಿಲ್ಲ, ಅಥವಾ ಶೇಡ್ ಕಡಿಮೆ

ಈಗ ತಂತಿಯ ಸರದಿ. ಬಿಚ್ಚುವ ಮೊದಲು ಯಾವ ತಂತಿ ಅಂತ ಊಹಿಸಬಹುದು. ಬಿಳಿಯ ಜಾಗ ಹಳದಿಯಾಗಿದ್ದರೆ ನೀಲಿ ಬರುತ್ತಿಲ್ಲ. ಗುಲಾಬಿ-ನೇರಳೆಯಾಗಿದ್ದರೆ ಹಸಿರು ಬರುತ್ತಿಲ್ಲ. ತಿಳಿ ಹಸಿರು-ನೀಲಿಯಾಗಿದ್ದರೆ ಕೆಂಪು ಬರುತ್ತಿಲ್ಲ. ಅಡ್ವಾನ್ಸ್‌ನಲ್ಲಿ ಒಂದೊಂದು ಬಣ್ಣಕ್ಕೆ ಐದು ತಂತಿ. ಅದರಲ್ಲಿ ಮೇಲಿನದು (ಅತಿ ದೊಡ್ಡ ಬಿಟ್‌ನ ತಂತಿ) ಒಂದೇ 31ರಲ್ಲಿ 16 ಪಾಲು ಹೊರುತ್ತದೆ. ಅದು ಹೋದರೆ ಛಾಯೆ ಎದ್ದು ಕಾಣುತ್ತದೆ. ಕೆಳಗಿನದು ಹೋದರೆ ವರ್ಷಗಟ್ಟಲೆ ಗೊತ್ತೇ ಆಗದಿರಬಹುದು.

ಹಳೇ ಗೇಮ್ ಬಾಯ್‌ನಲ್ಲಿ ಚಿತ್ರಕ್ಕೆ ಇರುವುದೇ ಎರಡು ತಂತಿ. ಒಂದು ಹೋದರೆ ಬಿಳಿ-ತಿಳಿ ಬೂದು ಸೇರಿ ಒಂದಾಗುತ್ತವೆ, ಗಾಢ ಬೂದು-ಕಪ್ಪು ಸೇರಿ ಇನ್ನೊಂದು. ಬೇರೊಂದು ಹೋದರೆ ಇನ್ನೂ ವಿಚಿತ್ರ, ಗಾಢ ಬೂದು ಬಿಳಿಯಾಗಿ, ಕಪ್ಪು ತಿಳಿ ಬೂದಾಗಿ ಕಾಣುತ್ತದೆ. ನನ್ನ ಏಣಿ ಗೋಡೆಯಲ್ಲಿ ಸೇರಿಹೋದದ್ದು ಮೊದಲನೆಯ ಥರ.

ಬಿಚ್ಚುವಾಗ ಕಾರ್ಟ್ರಿಜ್, ಬ್ಯಾಟರಿ ಎರಡೂ ಹೊರಗೆ. ಹೊರಗಿನ ಸ್ಕ್ರೂಗಳ ತಲೆ ಬಹುತೇಕ ಮೂರು ಕಾಲಿನದು, ಅದರದ್ದೇ ಸ್ಕ್ರೂಡ್ರೈವರ್ ಬೇಕು. ಹಳೇ ಗೇಮ್ ಬಾಯ್‌ನ ಮುಂದಿನ, ಹಿಂದಿನ ಬೋರ್ಡ್‌ಗಳ ನಡುವೆ ಒಂದು ರಿಬ್ಬನ್ ಇದೆ. ಡಬ್ಬಿ ತೆಗೆದ ಹಾಗೆ ಪಟ್ಟನೆ ಎಳೆದರೆ ಅದೂ ಹೋಯಿತು. ಪುಸ್ತಕ ಬಿಡಿಸಿದ ಹಾಗೆ ಮೆಲ್ಲಗೆ ತೆರೆಯಿರಿ.

ರಿಬ್ಬನ್‌ಗೆ ಲಾಕ್ ಇದ್ದರೆ ಅದನ್ನು ಉಗುರಿನಿಂದ ಎರಡೂ ಕಡೆ ಸಮವಾಗಿ ಸಡಿಲಿಸಿ. ಕೇಬಲ್ ಹೊರಗೆ ತೆಗೆದು, ಪಿನ್‌ಗಳನ್ನು ಆಲ್ಕೋಹಾಲ್‌ನಿಂದ ಒರೆಸಿ, ನೇರವಾಗಿ ಕೂರಿಸಿ. ಪಿನ್‌ಗಳ ಮುಂದೆ ಕಾಣುವ ಗೆರೆ ಕನೆಕ್ಟರ್‌ಗೆ ಸಮಾನಾಂತರವಾಗಿದೆಯಾ ನೋಡಿ. ಓರೆ ಕೂತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮುಚ್ಚುವ ಮೊದಲೇ ಒಮ್ಮೆ ಆನ್ ಮಾಡಿ ಬೂದು ಪರೀಕ್ಷೆ ಮಾಡಿ. ಅಡ್ವಾನ್ಸ್‌ನಲ್ಲಿ 40 ಪಿನ್, 32 ಪಿನ್ ಅಂತ ಎರಡು ಬಗೆಯ ಬೋರ್ಡ್ ಇವೆ. ಹೊಸ ಕಿಟ್ ಹಾಕಿದ ಕೂಡಲೇ ಚಿತ್ರವೇ ಬರದಿದ್ದರೆ ಕೇಬಲ್ ಯಾವುದಕ್ಕೆ ಅಂತ ಮೊದಲು ನೋಡಿ.

ಮೂಲೆಯಲ್ಲಿ ಮಾತ್ರ ಬಿಳಿಚಿದ ಅಥವಾ ಹಳದಿ ಕಲೆ ಇದ್ದು, ಆಟ ಬದಲಾದರೂ ಅದು ಕದಲದಿದ್ದರೆ ಶೆಲ್ ಪರದೆಯನ್ನು ಒತ್ತುತ್ತಿದೆ. ಆ ಮೂಲೆಯ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ.

ಇಲ್ಲಿಗೆ ನಿಲ್ಲಿಸಿ

ಒಳಗೆ ಲಿಥಿಯಂ ಬ್ಯಾಟರಿ ಹಾಕಿದ ಯಂತ್ರವಾದರೆ, ಅದು ಉಬ್ಬಿದ್ದರೆ, ಬಿಸಿಯಾಗಿದ್ದರೆ, ಸಿಹಿ ಸಿಹಿ ವಾಸನೆ ಬಂದರೆ ಬಣ್ಣದ ಚಿಂತೆ ಬಿಡಿ. ಆಫ್ ಮಾಡಿ, ಚಾರ್ಜರ್ ತೆಗೆಯಿರಿ, ಒತ್ತಬೇಡಿ, ಚುಚ್ಚಬೇಡಿ. ಹೊತ್ತಿಕೊಳ್ಳುವ ವಸ್ತುಗಳಿಂದ ದೂರ ಇಡಿ.

ಕನೆಕ್ಟರ್‌ನ ಲಾಕ್ ಮುರಿದಿದ್ದರೆ, ಬೋರ್ಡ್‌ನ ತಾಮ್ರದ ಪ್ಯಾಡ್ ಎದ್ದು ಬಂದಿದ್ದರೆ, ಸುಟ್ಟ ವಾಸನೆ ಬಂದರೆ ಅಲ್ಲಿಗೇ ಬಿಡಿ. ಎದ್ದ ಪ್ಯಾಡ್ ಮೇಲೆ ಮತ್ತೆ ಮತ್ತೆ ಬಿಸಿ ಮುಟ್ಟಿಸಿದಷ್ಟೂ ರಿಪೇರಿಯವರ ಕೆಲಸ ಕಷ್ಟ. ಕೇಬಲ್ ಎರಡು ಸಲ ಕೂರಿಸಿದರೂ ಅದೇ ಬಣ್ಣ ಕಾಣೆಯಾದರೆ ಮೂರನೇ ಸಲ ಸುಮ್ನೆ ಬಿಚ್ಚಬೇಡಿ. ಕನೆಕ್ಟರ್‌ಗೂ ಆಯುಷ್ಯ ಅಂತ ಇದೆ, ಅಲ್ವಾ?

ರಿಪೇರಿಗೆ ಕೊಡುವಾಗ “ಕಲರ್ ಸರಿ ಇಲ್ಲ” ಅಂತ ಹೇಳಿದರೆ ಅವರೂ ಮೊದಲಿಂದ ಶುರು ಮಾಡಬೇಕಾಗುತ್ತದೆ. “ಬೂದು ಪ್ಯಾಲೆಟ್‌ನಲ್ಲಿ ಎರಡೇ ಶೇಡ್ ಬರ್ತಿದೆ, ಕೇಬಲ್ ಎರಡು ಸಲ ಕೂರಿಸಿದೆ” ಅಂತ ಒಂದು ಚೀಟಿ ಬರೆದು ಯಂತ್ರಕ್ಕೆ ಸುತ್ತಿ ಕೊಡಿ.